ಚಿಲಕನ ಗೋಡೆ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಮನೆಯ ಬಾಗಿಲಿನ ಬೀಗ. ಬೀಗ ಕೆಟ್ಟಿರಲಿಲ್ಲ, ಬೀಗದಕೈ ಕಳೆದಿರಲಿಲ್ಲ. ಹಾಕಿದ್ದು ಹೌದೋ ಅಲ್ಲವೋ ಎಂಬ ಸಂಶಯ ಮಾತ್ರ ಬಂದಿತ್ತು. ಅದು ಅವನಿಗೆ ದಿನವೂ ಬರುತ್ತಿತ್ತು. ರಸ್ತೆಯ ತಿರುವಿನವರೆಗೆ ಹೋಗಿ, ಹಿಂದೆ ಬಂದು, ಬೀಗ ಹಿಡಿದು ಎರಡು ಸಲ ಜಗ್ಗಿ, ಮತ್ತೆ ತಿರುವಿನವರೆಗೆ ಹೋಗಿ, ‘ಜಗ್ಗುವಾಗಲೇ ಕಳಚಿಕೊಂಡಿದ್ದರೆ?’ ಎಂದು ಇನ್ನೊಮ್ಮೆ ಬರುವವನು ಅವನು. ಇದನ್ನು ಕಂಡ ಯಾರೋ ಪುಣ್ಯಾತ್ಮರು ಆಫೀಸಿನಲ್ಲಿ ಚಿಲಕ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನಿಗೆ ಎಷ್ಟು ಒಪ್ಪಿತ್ತೆಂದರೆ, ಅವನ ನಿಜವಾದ ಹೆಸರು ಕೇಳಿದರೆ ಪಕ್ಕದ ಮೇಜಿನವರೂ ತಲೆ ಕೆರೆದುಕೊಳ್ಳುತ್ತಿದ್ದರು.

“ಹಾಕಿದೀರಿ ಕಣ್ರೀ, ನಾನೇ ಕಣ್ಣಾರೆ ನೋಡಿದೀನಿ,” ಎಂದಳು ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಒಮ್ಮೆ ಸರಿಯಾಗಿ ಬಂದ ಉತ್ತರವನ್ನು ಮತ್ತೆ ಬಿಡಿಸುವ ಅಭ್ಯಾಸ ಅವಳಿಗಿರಲಿಲ್ಲ. “ನನಗೆ ಹೊತ್ತಾಯ್ತು, ಹೊರಟೆ. ನೀವು ಹೀಗೇ ತೆಗೆದು ತೆಗೆದು ನೋಡ್ತಾ ಇರಿ. ಒಂದಿನ ತೆಗೆದಿಟ್ಟೇ ಬರ್ತೀರಿ.”

ಅವಳು ಹೋದ ಮೇಲೆ ಚಿಲಕ ಮೂರನೆಯ ಸಲ ಮೆಟ್ಟಿಲು ಹತ್ತಿದ. ಜಗ್ಗಿದರೆ ಸಾಲದು ಅನ್ನಿಸಿ ಬೀಗದಕೈ ಹಾಕಿ ತಿರುಗಿಸಿದ. ಬೀಗ ಟಕ್ಕೆಂದು ತೆರೆದುಕೊಂಡಿತು. ಸರಿ, ಅಂದರೆ ಹಾಕಿತ್ತು. ಆ ಸಮಾಧಾನ ಅರ್ಧ ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಒಂದು ಸಂಶಯ ಎದ್ದುಹೋದ ಜಾಗದಲ್ಲಿ ಇನ್ನೊಂದು ಬಂದು ಕೂತಿತು.

‘ನಿನ್ನೆ ಸಂಜೆ ಇಣುಕುಕಿಂಡಿ ಮುಚ್ಚಿದೆನೋ, ಇಲ್ಲವೋ?’

ಚಿಲಕ ಅಲ್ಲಿ ನಿಲ್ಲಲಿಲ್ಲ. ಬೀಗದಕೈಯನ್ನು ಜೇಬಿಗೆ ತುರುಕಿ ಬಸ್ಸಿಗೆ ಓಡಿದ.

ಈ ಕಿಂಡಿ ಯಾವುದೆಂದು ಹೇಳಬೇಕು. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು ಕುಂಯ್ ಕುಂಯ್ ಎನ್ನುವ ಯಂತ್ರಗಳಿವೆಯಲ್ಲ, ಅವುಗಳ ಒಳಗೆ ಓಡುವ ಆಪರೇಟಿಂಗ್ ಸಿಸ್ಟಮ್ ತಯಾರಿಸುವುದು ಚಿಲಕನ ಆಫೀಸಿನ ಕೆಲಸ. ಅದರ ನಟ್ಟನಡುವಿನ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಇಷ್ಟು ವರ್ಷ ಆ ಕರ್ನಲ್ಲಿನ ಒಳಗೆ ನಾಡಿ ಎಣಿಸುವವನು, ಪರದೆ ಬೆಳಗುವವನು, ಹೊರಗಿನ ನೆಟ್‌ವರ್ಕ್ ಜಾಲದೊಡನೆ ಮಾತಾಡುವವನು ಎಲ್ಲರೂ ಒಂದೇ ಹಜಾರದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಇದ್ದರು. ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಕೈಹಾಕಿದರೆ ಕೇಳುವವರಿಲ್ಲ. ಜಾಲದ ಕಡೆಯಿಂದ ಒಬ್ಬ ಕಳ್ಳ ನುಸುಳಿದರೂ ಇಡೀ ಹಜಾರ ಅವನದೇ. ಈ ಹಜಾರದಲ್ಲಿ ಗೋಡೆ ಎಬ್ಬಿಸುವ ಕೆಲಸ ಚಿಲಕನಿಗೆ ಬಂದಿತ್ತು. ಇಟ್ಟಿಗೆಯ ಗೋಡೆಯಲ್ಲ, ಒಂದೊಂದು ಭಾಗಕ್ಕೂ ಯಂತ್ರದ ಮೆಮೊರಿಯಲ್ಲಿನ ವಿಳಾಸಗಳ ಬೇರೆ ಬೇರೆ ಪಟ್ಟಿ. ತನ್ನ ಪಟ್ಟಿಯಲ್ಲಿಲ್ಲದ ವಿಳಾಸ ಆ ಭಾಗದ ಪಾಲಿಗೆ ಲೋಕದಲ್ಲೇ ಇಲ್ಲ. ಬೀಗ ಜಗ್ಗುವ ಮಾತೇ ಇಲ್ಲ, ಬಾಗಿಲೇ ಇಲ್ಲವಲ್ಲ. ಈ ಕೆಲಸ ಅವನಿಗೆ ಹಿಡಿಸಿದ್ದೂ ಅದಕ್ಕೇ.

ಆದರೆ ಕಟ್ಟುವಾಗ ಒಳಗೆ ಏನಾಗುತ್ತಿದೆ ಎಂದು ನೋಡಲು ತನಗೋಸ್ಕರ ಒಂದು ಸಣ್ಣ ಕಿಂಡಿ ಇಟ್ಟುಕೊಂಡಿದ್ದ. ಪರೀಕ್ಷೆಗೆ ಮೊದಲು ಅದನ್ನು ಮುಚ್ಚಬೇಕಿತ್ತು. ಪರೀಕ್ಷೆ ಅವತ್ತು ಮಧ್ಯಾಹ್ನ ಮೂರಕ್ಕೆ.

ಕರ್ನಲ್ಲಿನ ಹೊರಗೆ ಹಿಂದೆ ಕಟ್ಟಿದ ಗೋಡೆಗಳ ಕಾಲದಿಂದಲೂ ಪರೀಕ್ಷೆಗೆ ಒಂದು ಪದ್ಧತಿಯಿತ್ತು. ಗೋಡೆಯ ಒಳಗೆ ಒಂದು ಗುಟ್ಟು ಬರೆದಿಡುವುದು, ಆಚೆಯ ಭಾಗದಿಂದ ಅದನ್ನು ಕದಿಯಲು ನೋಡುವುದು. ಹಿಂದೊಮ್ಮೆ ಯಾರೋ ‘ನಮಸ್ಕಾರ’ ಎಂದು ಬರೆದಿಟ್ಟು, ಅದು ಸೋರಿದಾಗ ಭುಜ ಹಾರಿಸಿ ಚಹಾ ಕುಡಿಯಲು ಹೋಗಿದ್ದರಂತೆ. ಅಂದಿನಿಂದ ಹಿರಿಯರು ಒಂದು ಕಟ್ಟಳೆ ಮಾಡಿದ್ದರು: ಗೋಡೆ ಕಟ್ಟಿದವನು ತನ್ನ ಸ್ವಂತ ಗುಟ್ಟನ್ನೇ ಇಡಬೇಕು, ಹೊರಗೆ ಬಿದ್ದರೆ ತಲೆ ಎತ್ತಲಾಗದಂಥದ್ದನ್ನು. ಗೋಡೆ ಗೆದ್ದರೆ ಅದನ್ನು ಯಾರೂ ಓದದೆ ಅಳಿಸುತ್ತಾರೆ. ಹಿರಿಯರೆಂದರೆ ಆ ಕರ್ನಲ್ಲನ್ನು ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬರೇ ಕೂತು ಬರೆದವರು, ಈಗ ಎಲ್ಲರ ಮೇಲಿನವರು. ಅವರು ಚಿಲಕನ ಕಣ್ಣಲ್ಲಿ ಕಣ್ಣಿಟ್ಟು, “ನಿಜವಾದ ಗುಟ್ಟು ತಾನೇನಪ್ಪ?” ಎಂದು ಕೇಳಿದ್ದರು. ಆ ಕಣ್ಣಿಗೆ ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ. ಬರೆದುಬಿಟ್ಟಿದ್ದ.

ಬರೆದದ್ದು ಇದು: ‘ಹಿರಿಯರ ಕಾವಲುಗಾರನನ್ನು ನಾಲ್ಕು ವರ್ಷದ ಹಿಂದೆ ನಾನು ತೆಗೆದುಹಾಕಿದ್ದೇನೆ.’

ಕಾವಲುಗಾರ ಎಂದರೆ ಹಿರಿಯರು ಬರೆದ ಮುನ್ನೂರು ಸಾಲುಗಳ ಒಂದು ಕೋಡ್ ತುಣುಕು. ಯಂತ್ರದ ಸುರಕ್ಷೆಯೆಲ್ಲ ಅದರಿಂದಲೇ ಎಂದು ಅವರ ನಂಬಿಕೆ. ಪ್ರತಿ ಭಾಷಣದಲ್ಲೂ ಅದು ಬಂದೇ ಬರುತ್ತಿತ್ತು. ಅದರ ತಲೆಯ ಮೇಲೆ ‘ಇದನ್ನು ಯಾರೂ ಮುಟ್ಟಬಾರದು’ ಎಂದು ಅವರೇ ಬರೆದಿದ್ದರು. ಅದರ ಟಿಪ್ಪಣಿಯಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ತಿದ್ದಿದ ಪಾಪಕ್ಕೆ ಒಬ್ಬಾತ ನೆಲಮಾಳಿಗೆಯ ಕೈಪಿಡಿ ವಿಭಾಗಕ್ಕೆ ಹೋದವನು ಇನ್ನೂ ಬೆಳಕು ಕಂಡಿರಲಿಲ್ಲ. ಚಿಲಕ ಒಂದು ದಿನ ಹೆದರುತ್ತ ಹೆದರುತ್ತ ಆ ಮುನ್ನೂರು ಸಾಲು ಓದಿದ. ಅವು ಸುತ್ತಿ ಸುತ್ತಿ ಬಂದು ಕೊನೆಗೆ ಏನನ್ನೂ ಮಾಡುತ್ತಿರಲಿಲ್ಲ. ಹೊರಗಿನ ಹೆಸರನ್ನು ಹಾಗೇ ಬಿಟ್ಟು ಒಳಗಿನದನ್ನೆಲ್ಲ ತೆಗೆದ. ಯಂತ್ರ ಚುರುಕಾಯಿತು. ಹಿರಿಯರು, “ನೋಡಿದ್ರಾ ನನ್ನ ಕಾವಲುಗಾರನ್ನ, ವಯಸ್ಸಾದಷ್ಟೂ ಚುರುಕಾಗ್ತಿದಾನೆ,” ಎಂದು ಸಿಹಿ ಹಂಚಿದರು. ಆ ಸಿಹಿ ಚಿಲಕನ ಗಂಟಲಲ್ಲಿ ಇಳಿದಿರಲಿಲ್ಲ.

ಈಗ ಕಿಂಡಿ ತೆರೆದೇ ಇದ್ದರೆ? ಕದಿಯಲು ಕೂರುವವಳು ಸೂಜಿ. ಪರೀಕ್ಷಾ ವಿಭಾಗದ ಸಣಕಲು ಹೆಂಗಸು, ಮಾತು ಕಡಿಮೆ. ಒಂಬತ್ತು ವರ್ಷದಲ್ಲಿ ಅವಳು ತೂತು ಮಾಡದೆ ಬಿಟ್ಟ ಗೋಡೆ ಒಂದೂ ಇರಲಿಲ್ಲ.

ಆಫೀಸಿನ ನಡುಮಧ್ಯದಲ್ಲಿ ಗಾಜಿನ ಕೋಣೆ. ಅದರೊಳಗೆ ಪರೀಕ್ಷೆಯ ಯಂತ್ರ. ಮೂರು ಗಂಟೆಯವರೆಗೆ ಯಾರೂ ಒಳಗೆ ಹೋಗಬಾರದು. ಬೀಗವಿಲ್ಲ, ಬೇಕಾಗಿಯೂ ಇಲ್ಲ. ಸುತ್ತ ನಲವತ್ತು ಜನರ ಎಂಬತ್ತು ಕಣ್ಣು. ಚಿಲಕ ತನ್ನ ಕುರ್ಚಿಯಲ್ಲಿ ಕೂತು ಆ ಗಾಜನ್ನೇ ನೋಡಿದ.

“ಚಿಲಕ ಸಾರ್, ಯಾಕೆ ಮುಖ ಸುಣ್ಣ ಬಳಿದ ಹಾಗಿದೆ?” ಪಕ್ಕದ ಮೇಜಿನವನು ಕೇಳಿದ. ಇವನಿಗೆ ಉಪಕಾರಿ ಎಂದು ಹೆಸರು. ಕೇಳದಿದ್ದರೂ ಉಪಕಾರ ಮಾಡುತ್ತಿದ್ದ, ಬೇಡವೆಂದರೆ ಇನ್ನೂ ಹೆಚ್ಚು ಮಾಡುತ್ತಿದ್ದ.

“ಏನಿಲ್ಲ, ಸ್ವಲ್ಪ ಸೆಕೆ.”

“ಅಯ್ಯೋ, ಕೈ ಮುಟ್ಟಿ ನೋಡ್ರಪ್ಪ, ಐಸ್ ಆಗಿದೆ!” ಉಪಕಾರಿ ಎದ್ದು ನಿಂತು ಇಡೀ ಮಹಡಿಗೆ ಸಾರಿದ. “ಚಿಲಕ ಸಾರ್‌ಗೆ ಏನೋ ಆಗ್ತಿದೆ!”

ಎರಡು ನಿಮಿಷದಲ್ಲಿ ಅವನ ಸುತ್ತ ಜಾತ್ರೆ ನೆರೆಯಿತು. ಒಬ್ಬರು ಕಾಲು ಎತ್ತಿ ಇಡಿಸಿದರು, ಇನ್ನೊಬ್ಬರು ಇಳಿಸಬೇಕೆಂದರು. ಯಾರೋ ಗುಳಿಗೆ ಕೊಟ್ಟರು, ಇನ್ನಾರೋ ಅದನ್ನು ಕಿತ್ತುಕೊಂಡು ಬೇರೆ ಬಣ್ಣದ್ದು ಕೊಟ್ಟರು. ಗದ್ದಲ ಕೇಳಿ ಹಿರಿಯರೇ ಹೊರಗೆ ಬಂದರು.

“ಪರೀಕ್ಷೆ ಅಂತ ಹೆದರಿಕೊಂಡಿದೀಯೇನೋ?” ಎಂದು ಬೆನ್ನು ತಟ್ಟಿದರು. “ನಿನ್ನ ಗೋಡೆ ಬಿದ್ರೆ ಬೀಳಲಿ ಬಿಡು. ಅದರ ಕೆಳಗೆ ನನ್ನ ಕಾವಲುಗಾರ ಇದಾನಲ್ಲ, ಅವನಿರೋವರೆಗೆ ಯಾರೇನು ಮಾಡ್ತಾರೆ?”

ಚಿಲಕನಿಗೆ ಗುಳಿಗೆ ನೆತ್ತಿಗೇರಿ ಕೆಮ್ಮು ಬಂತು.

ಜನ ಚದುರಿದ ಮೇಲೆ ಅವನು ಒಂದು ಬಟ್ಟೆ ಹಿಡಿದು, ಗಾಜು ಒರೆಸುವವನಂತೆ ಕೋಣೆಯ ಬಾಗಿಲ ಬಳಿ ಸರಿದ. ಒಳಗಿನ ಗಾಜೂ ಒರೆಸಬೇಕಲ್ಲ ಎಂದು ಹಿಡಿಗೆ ಕೈಹಾಕಿದಾಗ ಬೆನ್ನ ಹಿಂದೆ ತಣ್ಣನೆಯ ದನಿ ಕೇಳಿಸಿತು.

“ಅದು ನನ್ನ ಕೆಲಸದ ಜಾಗ. ಧೂಳಿದ್ರೂ ಪರವಾಗಿಲ್ಲ.” ಸೂಜಿ ನಿಂತಿದ್ದಳು.

ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಉಪಕಾರಿಯನ್ನೇ ಉಪಯೋಗಿಸೋಣವೆಂದು, “ಎಲ್ಲರನ್ನೂ ಒಂದ್ಸಲ ಕೆಳಗೆ ಕ್ಯಾಂಟೀನಿಗೆ ಕರ್ಕೊಂಡು ಹೋಗಪ್ಪ, ನನ್ನ ಕಡೆಯಿಂದ ಚಹಾ,” ಎಂದ. ಉಪಕಾರಿಯ ಕಣ್ಣು ತುಂಬಿಬಂತು. ಹತ್ತು ನಿಮಿಷದಲ್ಲಿ ಅವನು ಕ್ಯಾಂಟೀನನ್ನೇ ಮೇಲಕ್ಕೆ ತಂದಿದ್ದ. “ಕಾಯಿಲೆ ಮನುಷ್ಯ, ಮೆಟ್ಟಿಲು ಇಳಿಸೋದು ಬೇಡ ಅಂತ ಇಲ್ಲೇ ತಂದೆ ಸಾರ್,” ಎಂದು ಗಾಜಿನ ಕೋಣೆಯ ಬಾಗಿಲಿಗೇ ಮೇಜು ಒರಗಿಸಿ ಕಪ್ಪುಗಳನ್ನು ಜೋಡಿಸಿದ. ನಲವತ್ತು ಜನ ಅಲ್ಲೇ ನಿಂತು ಚಹಾ ಹೀರುತ್ತ, ಅವನ ಗುಟ್ಟು ಏನಿರಬಹುದೆಂದು ಊಹಿಸತೊಡಗಿದರು.

“ಹೆಂಡತಿಗೆ ಹೆದರ್ತೀನಿ ಅಂತ ಬರೆದಿರ್ತಾರೆ.”

“ಅದು ಗುಟ್ಟು ಹೇಗಾಗುತ್ತೆ?”

ಚಿಲಕ ನಕ್ಕಂತೆ ಮಾಡಿ ಮೆಲ್ಲಗೆ ಹೊರಗಿನ ಓಣಿಗೆ ಬಂದ. ಅಲ್ಲಿ ಗೋಡೆಯ ಮೇಲೆ ಕೆಂಪು ಪೆಟ್ಟಿಗೆ ಇತ್ತು. ‘ಬೆಂಕಿ ಬಿದ್ದಾಗ ಗಾಜು ಒಡೆದು ಗುಂಡಿ ಒತ್ತಿ’ ಎಂದು ದೊಡ್ಡಕ್ಷರದಲ್ಲಿ, ‘ವಿನಾಕಾರಣ ಒತ್ತಿದವರನ್ನು ಅಂದೇ ಕೆಲಸದಿಂದ ತೆಗೆಯಲಾಗುವುದು’ ಎಂದು ಅದಕ್ಕಿಂತ ದೊಡ್ಡಕ್ಷರದಲ್ಲಿ ಬರೆದಿತ್ತು. ಎಂದೂ ದಾರಿಯಲ್ಲಿ ಬಿದ್ದ ಹೂವನ್ನೂ ಎತ್ತಿಕೊಂಡವನಲ್ಲ ಚಿಲಕ. ಆದರೆ ಹೆದರಿಕೆ ಒಂದು ಮಿತಿ ದಾಟಿದರೆ ಮನುಷ್ಯನ ಕೈ ಮನುಷ್ಯನ ಮಾತು ಕೇಳುವುದಿಲ್ಲ. ಕಣ್ಣು ಮುಚ್ಚಿ ಗುದ್ದಿದ. ಗಾಜು ಒಡೆದು ತೋರುಬೆರಳನ್ನು ಕುಯ್ದಿತು. ಗಂಟೆ ಕಿರುಚಿಕೊಂಡಿತು.

ಚಹಾ ಚೆಲ್ಲಿತು, ಮೇಜು ಉರುಳಿತು, ನಲವತ್ತು ಜನ ಮೆಟ್ಟಿಲಲ್ಲಿ ದಡದಡನೆ ಇಳಿದು ಅಂಗಳ ಸೇರಿದರು. ಚಿಲಕ ಕೈಬರಹದ ಕಾಗದಗಳ ಕಪಾಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದು, ಮಹಡಿ ಖಾಲಿಯಾದ ಕೂಡಲೇ ಗಾಜಿನ ಕೋಣೆಗೆ ನುಗ್ಗಿದ. ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಯಂತ್ರದ ಮುಂದೆ ಕೂತು ನೋಡುತ್ತಾನೆ, ಕಿಂಡಿ ಮುಚ್ಚಿಯೇ ಇದೆ! ನಿನ್ನೆ ಸಂಜೆ ಆರಕ್ಕೇ ಮುಚ್ಚಿದ್ದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಎದ್ದು ಹೋಗುತ್ತಿದ್ದರು. ಆದರೆ ಚಿಲಕ ಸೂಜಿಯ ಆ ತಣ್ಣನೆಯ ಮುಖವನ್ನು ನೆನೆದ. ಕಿಂಡಿ ಇಲ್ಲದೆಯೂ ಅವಳು ಹೇಗೋ ನುಸುಳಿದರೆ? ಹೇಗೂ ಬಂದದ್ದಾಗಿದೆ, ಗುಟ್ಟನ್ನೇ ಬದಲಾಯಿಸಿಬಿಟ್ಟರೆ ಸೋರಿದರೂ ಭಯವಿಲ್ಲ. ಬದಲಾಯಿಸಲು ಒಳಗೆ ಹೋಗಬೇಕು; ಒಳಗೆ ಹೋಗಲು ಕಿಂಡಿ ತೆರೆಯಬೇಕು. ತೆರೆದ. ಹಳೆಯ ಸಾಲನ್ನು ಅಳಿಸಿ, ಯಾರ ಮುಂದೆ ಸೋರಿದರೂ ಕೇಡಾಗದ ಮಾತು ಬರೆದ: ‘ನನ್ನ ಗೋಡೆಗಿಂತ ಹಿರಿಯರ ಕಾವಲುಗಾರನೇ ಮೇಲು. ಎದುರಿಗೆ ಹೊಗಳಲು ನಾಚಿಕೆಯಾಗಿ ಇಷ್ಟು ವರ್ಷ ಹೇಳಿರಲಿಲ್ಲ.’

ಇನ್ನೇನು ಕಿಂಡಿ ಮುಚ್ಚಬೇಕು, ಜೇಬಿನಲ್ಲಿ ಫೋನು ಗುಂಯ್ ಎಂದಿತು. ಹೆಂಡತಿ.

“ರೀ, ಪಕ್ಕದ ಮನೆಯವರು ಫೋನ್ ಮಾಡಿದ್ರು. ನಮ್ಮನೆ ಬೀಗ ತೆಗೆದು ಬಾಗಿಲಿಗೆ ನೇತಾಕಿದೆಯಂತೆ! ನಾನು ಹೋದ್ಮೇಲೆ ಮತ್ತೆ ತೆಗೆದ್ರಾ?”

“ತೆಗೆದೆ... ಹಾಕಿದ್ನಾ ಅಂತ ನೋಡೋಕೆ...”

“ನೋಡೋಕೆ ತೆಗೆದ್ರಿ, ಆಮೇಲೆ ಹಾಕಿದ್ರಾ?”

ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆಯ ಸಪ್ಪಳ. ಅವನು ಫೋನು ಕಿವಿಗೊತ್ತಿಕೊಂಡೇ ಹಿಂದಿನ ಮೆಟ್ಟಿಲಿಂದ ಇಳಿದು ಓಡಿದ.

ಅಂಗಳದಲ್ಲಿ ಉಪಕಾರಿ ಆಗಲೇ ಎದೆ ಬಡಿದುಕೊಳ್ಳುತ್ತಿದ್ದ. “ಚಿಲಕ ಸಾರ್ ಮೇಲೇ ಉಳಿದುಬಿಟ್ರು! ಕಾಯಿಲೆ ಮನುಷ್ಯ!” ಮೇಲೆ ಹುಡುಕಲು ಹೋದವರು ಬರಿಗೈಯಲ್ಲಿ ಬರುವುದಕ್ಕೂ ಚಿಲಕ ಏದುಸಿರು ಬಿಡುತ್ತ ಎದುರು ಬರುವುದಕ್ಕೂ ಸರಿಹೋಯಿತು. ಹಿರಿಯರು ಅವನನ್ನು ತಬ್ಬಿಕೊಂಡರು.

“ಎಲ್ಲಿದ್ದೆಯೋ?”

“ಯಂತ್ರ... ಯಂತ್ರದ ಹತ್ರ, ಸರ್.” ಹೆದರಿಕೆಯಲ್ಲಿ ನಿಜವೇ ಬಾಯಿಗೆ ಬಂದಿತ್ತು.

“ಕೇಳಿದ್ರೇನ್ರೋ?” ಹಿರಿಯರ ದನಿ ಗದ್ಗದವಾಯಿತು. “ನಾವೆಲ್ಲ ಚಪ್ಪಲಿ ಬಿಟ್ಟು ಓಡಿ ಬಂದ್ವಿ. ಇವನು ಬೆಂಕಿ ಅಂದ್ರೂ ಯಂತ್ರ ಬಿಟ್ಟು ಬರಲಿಲ್ಲ!” ನಲವತ್ತು ಜನ ಚಪ್ಪಾಳೆ ತಟ್ಟಿದರು. ಚಿಲಕ ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಎಡಗೈಯಿಂದ ಎಲ್ಲರ ಕೈಕುಲುಕಿದ. ಸೂಜಿ ಮಾತ್ರ ಚಪ್ಪಾಳೆ ತಟ್ಟದೆ ಆ ಜೇಬನ್ನು ನೋಡಿದಳು.

ಮೂರು ಗಂಟೆಗೆ ಪರೀಕ್ಷೆ ಶುರುವಾಯಿತು. ಸೂಜಿ ಜಾಲದ ಭಾಗದಲ್ಲಿ ಕಳ್ಳನಂತೆ ಕೂತು ಮೊದಲ ದಾರಿ ಹಿಡಿದಳು. ದೊಡ್ಡ ಪರದೆಯ ಮೇಲೆ ‘ಅಂಥ ವಿಳಾಸ ಇಲ್ಲ’ ಎಂದು ಬಂತು. ಎರಡನೆಯ ದಾರಿ, ಅದೇ ಉತ್ತರ. ಹತ್ತನೆಯದಕ್ಕೂ ಅದೇ. ಜನ ಪಿಸುಗುಟ್ಟತೊಡಗಿದರು, ಒಂಬತ್ತು ವರ್ಷದಲ್ಲಿ ಹೀಗಾದದ್ದಿಲ್ಲ. ಚಿಲಕನಿಗೆ ಮೊದಲ ಬಾರಿಗೆ ತನ್ನ ಗೋಡೆಯ ಬಗ್ಗೆ ಹೆಮ್ಮೆ ಅನ್ನಿಸಿತು. ಎಷ್ಟು ಚೆನ್ನಾಗಿ ಕಟ್ಟಿದ್ದೇನೆ, ಸುಮ್ಮನೆ ಹೆದರಿದೆ ಎಂದುಕೊಂಡ. ಆಗ ಫೋನಿನಲ್ಲಿ ಹೆಂಡತಿ ಕೇಳಿದ ಪ್ರಶ್ನೆ ನೆನಪಾಯಿತು. ನೋಡೋಕೆ ತೆಗೆದ್ರಿ, ಆಮೇಲೆ ಹಾಕಿದ್ರಾ?

ಅವನು ಕುರ್ಚಿಯಿಂದ ಅರ್ಧ ಎದ್ದ. ಸೂಜಿ ಹನ್ನೊಂದನೆಯ ಸಲ ಒತ್ತಿದಳು. ಪರದೆಯ ಮೇಲೆ ಗುಟ್ಟು ಬಂದು ನಿಂತಿತು.

ಉಪಕಾರಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ಜನ ನಕ್ಕರು. ಹಿರಿಯರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗೋಡೆ ಬಿದ್ದದ್ದು ಅವರಿಗೆ ಕಾಣಲೇ ಇಲ್ಲ.

“ಇದನ್ನ ಹೇಳೋಕೆ ನಾಚಿಕೆ ಯಾಕಪ್ಪ?” ಎಂದರು. ಚಿಲಕನಿಗೆ ಹೋದ ಉಸಿರು ಬಂತು. ಬದುಕಿದೆ ಎಂದುಕೊಂಡ. ಹಿರಿಯರು ಎದ್ದು ನಿಂತರು. “ಈ ಕೋಣೇಲಿರೋರು ಯಾರೂ ನನ್ನ ಕಾವಲುಗಾರನ್ನ ಕಣ್ಣಾರೆ ನೋಡಿಲ್ಲ. ಮುಟ್ಟಬೇಡಿ ಅಂದಿದ್ದಕ್ಕೆ ತೆರೆಯೋಕೂ ಹೆದರ್ತೀರಿ. ಇವತ್ತು ಇವನು ಇಷ್ಟು ಹೊಗಳಿದ ಮೇಲೆ ತೋರಿಸದೇ ಇದ್ರೆ ಹೇಗೆ? ತೆಗೀರಿ ಅದನ್ನ, ಪರದೆ ಮೇಲೆ. ಒಂದೊಂದು ಸಾಲೂ ನಾನೇ ವಿವರಿಸ್ತೀನಿ.”

“ಬೇಡ ಸರ್!” ಚಿಲಕ ಚೀರಿದ. “ಇವತ್ತು ಬೇಡ! ಮುನ್ನೂರು ಸಾಲು, ಎಲ್ಲರಿಗೂ ಮನೆಗೆ ಹೊತ್ತಾಗುತ್ತೆ!”

“ನೀವು ಕೂತ್ಕೊಳ್ಳಿ ಸಾರ್, ನಾನು ತೆಗೀತೀನಿ,” ಎಂದು ಉಪಕಾರಿ ಆಗಲೇ ಕೀಲಿಮಣೆಗೆ ಕೈಹಾಕಿದ್ದ.

ಕಾವಲುಗಾರ ಪರದೆಯ ಮೇಲೆ ಬಂದ. ಮೇಲೆ ಹೆಸರು. ಅದರ ಕೆಳಗೆ ‘ಇದನ್ನು ಯಾರೂ ಮುಟ್ಟಬಾರದು’. ಅದರ ಕೆಳಗೆ ಒಂದೇ ಸಾಲು: ‘ಎಲ್ಲ ಸರಿಯಿದೆ’ ಎಂದು ಉತ್ತರ ಕೊಟ್ಟು ಮುಗಿಸು. ಪಕ್ಕದಲ್ಲಿ ನಾಲ್ಕು ವರ್ಷದ ಹಿಂದಿನ ತಾರೀಖು, ಚಿಲಕನ ನಿಜವಾದ ಹೆಸರು. ಅದು ಯಾರದೆಂದು ತಿಳಿಯಲು ಎಲ್ಲರಿಗೂ ಒಂದು ಕ್ಷಣ ಹಿಡಿಯಿತು. ಹೆಸರಿನ ಮುಂದೆ ಅವನೇ ಬರೆದ ಟಿಪ್ಪಣಿ. ಓದಲು ಶುರುಮಾಡಿದ್ದನ್ನು ಅರ್ಧಕ್ಕೆ ಬಿಡುವುದು ಉಪಕಾರಿಗೆ ಗೊತ್ತಿರಲಿಲ್ಲ.

“‘ಇದು ಏನೂ ಮಾಡುತ್ತಿರಲಿಲ್ಲ. ತೆಗೆದ ಮೇಲೆ ಯಂತ್ರ ಚುರುಕಾಗಿದೆ. ಹಿರಿಯರಿಗೆ ಗೊತ್ತಾಗದಿರಲಿ.’”

ಹಿರಿಯರು ಆ ಒಂದು ಸಾಲನ್ನು ಮುನ್ನೂರು ಸಾಲು ಓದುವಷ್ಟು ಹೊತ್ತು ಓದಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು:

“ಅವತ್ತು ನಾನು ಸಿಹಿ ಹಂಚಿದಾಗ ನೀನೂ ತಿಂದೆಯಲ್ಲವೇನೋ?”

“ತಿಂದೆ, ಸರ್.”

“ಹೂಂ.” ಅವರು ಕನ್ನಡಕ ಹಾಕಿಕೊಂಡರು. ಮುಖ ಕಲ್ಲಾಗಿತ್ತು. “ಬೆಂಕಿಯಲ್ಲಿ ಯಂತ್ರ ಕಾದವನು ಅಂತ ಒಂದು ತಿಂಗಳು ಕೊಡ್ತೀನಿ. ಗೋಡೆ ಸರಿಮಾಡು. ಮತ್ತೆ ಪರೀಕ್ಷೆ, ಅವತ್ತೂ ಸೋರಿದ್ರೆ ನೆಲಮಾಳಿಗೆ. ಆದರೆ ಈ ಸಲ ಹೊಗಳಿಕೆ ಬೇಡ, ನಿಜವಾದ ಗುಟ್ಟು ಬೇಕು. ಇನ್ನೂ ಯಾವುದಾದರೂ ಉಳಿದಿದೆಯೋ ನಿನ್ನ ಹತ್ರ?”

ಅಷ್ಟರಲ್ಲಿ ಬಾಗಿಲು ತೆರೆದು ಕಟ್ಟಡದ ಮೇಲ್ವಿಚಾರಕ ಒಳಗೆ ಬಂದ. ಅಂಗೈಯಲ್ಲಿ ಗಾಜಿನ ಚೂರು. “ಸರ್, ಎಲ್ಲೂ ಬೆಂಕಿ ಇಲ್ಲ. ಯಾರೋ ಸುಮ್ಮಸುಮ್ಮನೆ ಗಂಟೆ ಒತ್ತಿದಾರೆ. ನೋಡಿ, ಗಾಜಿನ ಮೇಲೆ ರಕ್ತ ಇದೆ. ಯಾರು ಅಂತ ಗೊತ್ತಾದ್ರೆ ಸಂಜೆಯೊಳಗೆ ಮನೆಗೆ ಕಳಿಸ್ತೀನಿ.”

ಚಿಲಕ ಬಲಗೈಯನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ಇಳಿಸಿದ.

“ಇದೆ ಸರ್,” ಎಂದ ಹಿರಿಯರಿಗೆ. “ಒಂದು ಉಳಿದಿದೆ.”

ಎಲ್ಲರೂ ಹೋದ ಮೇಲೆ ಅವನು ಯಂತ್ರದ ಮುಂದೆ ಕುಸಿದು ಕೂತ. ಪಕ್ಕದಲ್ಲಿ ಸೂಜಿ ತನ್ನ ಚೀಲ ತುಂಬಿಕೊಳ್ಳುತ್ತಿದ್ದಳು.

“ಗೋಡೆ ಚೆನ್ನಾಗಿತ್ತು,” ಎಂದಳು. ಅವಳು ಯಾರನ್ನಾದರೂ ಹೊಗಳಿದ್ದು ಅದೇ ಮೊದಲು. “ಮಧ್ಯಾಹ್ನದ ತನಕ ಕಿಂಡಿ ಮುಚ್ಚಿತ್ತು. ಯಂತ್ರದ ದಿನಚರಿ ನೋಡಿದೆ. ಅದು ತೆರೆದಿದ್ದು ಒಂದಕ್ಕೆ ಏಳು ನಿಮಿಷ ಇದ್ದಾಗ.” ಚೀಲದಿಂದ ಗಾಯದ ಪಟ್ಟಿಯೊಂದನ್ನು ತೆಗೆದು ಅವನ ಮುಂದೆ ಇಟ್ಟಳು. “ಆಗ ನಾವೆಲ್ಲ ಅಂಗಳದಲ್ಲಿದ್ವಿ. ಬೆರಳಿಗೆ ಇದನ್ನ ಹಾಕ್ಕೊಳ್ಳಿ. ಮುಂದಿನ ತಿಂಗಳು ಸಿಗೋಣ.”

ಅವಳು ಹೊರಟುಹೋದಳು. ಚಿಲಕ ಪಟ್ಟಿಯನ್ನು ಬೆರಳಿಗೆ ಸುತ್ತಿ, ಕಿಂಡಿ ಮುಚ್ಚಿ, ಮುಚ್ಚಿದೆನೇ ಎಂದು ನೋಡಿ, ಮತ್ತೊಮ್ಮೆ ನೋಡಿದ. ಇನ್ನು ಗೋಡೆಯನ್ನು ಎಷ್ಟು ಎತ್ತರಕ್ಕೆ ಕಟ್ಟಿದರೇನು, ಅದರೊಳಗೆ ಇಡಬೇಕಾದ ಗುಟ್ಟು ಆಗಲೇ ಮೆಟ್ಟಿಲಿಳಿದು ಮನೆಗೆ ಹೋಗುತ್ತಿತ್ತು.